ಹನಿ ಹಾಕಿ ನೋಡುವ ಮಾವ

ನನ್ನ ಸೋದರಮಾವನನ್ನು ನಿಮ್ಮ ಮನೆಗೆ ಕರೆಯುವ ಮೊದಲು ಸ್ವಲ್ಪ ಯೋಚನೆ ಮಾಡಿ. ಆತ ಕಳ್ಳನಲ್ಲ, ಕುಡುಕನಲ್ಲ, ರಾಜಕೀಯ ಮಾತಾಡಿ ತಲೆ ತಿನ್ನುವವನೂ ಅಲ್ಲ. ಆದರೆ ಹೊಸ್ತಿಲು ದಾಟಿದ ಕೂಡಲೇ ಅವನು ನಿಮ್ಮ ಮುಖ ನೋಡುವುದಿಲ್ಲ, ನಿಮ್ಮ ಕುರ್ಚಿಯ ಮುಖ ನೋಡುತ್ತಾನೆ! ನೀವು ಮರ್ಯಾದೆಯಿಂದ ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದಿರೋ, ಮುಗಿಯಿತು. ಅಂಗಿಯ ಜೇಬಿನಿಂದ ಒಂದು ಪುಟ್ಟ ಸೀಸೆ ಹೊರಗೆ ಬರುತ್ತದೆ. ಅದರ ಹಿಂದೆಯೇ ಕಣ್ಣಿಗೆ ಔಷಧಿ ಬಿಡುವಂಥ ಒಂದು ಡ್ರಾಪರು. ಕುರ್ಚಿಯ ಮೇಲೆ ಒಂದೇ ಒಂದು ಹನಿ ನೀರು ಬಿಟ್ಟು, ಮೊಣಕಾಲೂರಿ, ಕನ್ನಡಕವನ್ನು ಹಣೆಗೇರಿಸಿ, ಆ ಹನಿಯನ್ನು ಮಗ್ಗುಲಿನಿಂದ ನೋಡುತ್ತ ಕೂತುಬಿಡುತ್ತಾನೆ. ಹನಿ ಗುಂಡಗೆ ಎದ್ದು ನಿಂತರೆ "ಒಲ್ಲೆ ಅಂತೈತಿ" ಎಂದು ತಲೆಯಾಡಿಸುತ್ತಾನೆ. ತೆಳ್ಳಗೆ ಹರಡಿಕೊಂಡರೆ "ಬಾ, ಕುಂದ್ರು ಅಂತೈತಿ" ಎಂದು ಮುಖ ಅರಳಿಸುತ್ತಾನೆ. ಆಮೇಲೆ ಅಂಗೈಯಿಂದ ಹನಿ ಒರೆಸಿ, ಕುರ್ಚಿಯಲ್ಲಿ ಕೂತು, "ಮತ್ತ ಆರಾಮದೀರಿ?" ಎಂದು ಕೇಳುತ್ತಾನೆ. ಅಷ್ಟು ಹೊತ್ತಿಗೆ ಮನೆಯವರ ಆರಾಮ ಹೊರಟುಹೋಗಿರುತ್ತದೆ.

ನಗುವುದಕ್ಕೆ ಇದೆಲ್ಲ ಚಂದ. ಆದರೆ ಇದೇ ಹನಿಯ ಹುಚ್ಚು ಒಂದು ದಿನ ನನ್ನ ಅವ್ವನ ಜೀವಕ್ಕೇ ಅಡ್ಡ ಬಂದು ನಿಂತಿತು. ಅವ್ವನ ಎರಡೂ ಕಿಡ್ನಿಗಳು ಕೈಬಿಟ್ಟಿವೆ. ಸಿಂಧನೂರಿನ ದವಾಖಾನೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರುತ್ತಾಳೆ. ಅದು ಹೀಗೇ ನಡೆಯಬೇಕಾದರೆ ತೋಳಿನ ಚರ್ಮದ ಕೆಳಗೆ ಪ್ಲಾಸ್ಟಿಕ್ಕಿನದೊಂದು ಕೊಳವೆ ಕೂರಿಸಲೇಬೇಕು ಎಂದರು ಡಾಕ್ಟರು. ಅವ್ವ ಬೇಡವೆಂದಳು. ಬೇಡವೆನ್ನುವುದಕ್ಕೆ ಕಾರಣ ಕಲಿಸಿದವನು ಇದೇ ಮಾವ! ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಈ ಆಸಾಮಿಯನ್ನು ನೀವು ಸರಿಯಾಗಿ ನೋಡಬೇಕು.

ಮಾವ ಇರುವುದು ಲಿಂಗಸುಗೂರಿನಲ್ಲಿ. ರಸಾಯನಶಾಸ್ತ್ರದ ಪಾಠ ಹೇಳುವುದು ಮಸ್ಕಿಯ ಕಾಲೇಜಿನಲ್ಲಿ. ಅವನ ಅಕ್ಕ, ಎಂದರೆ ನನ್ನ ಅವ್ವ, ಇರುವುದು ಸಿಂಧನೂರಿನಲ್ಲಿ ನನ್ನ ಜೊತೆ. ಮೂರೂ ಊರುಗಳು ಒಂದೇ ರಸ್ತೆಗೆ ಬೀಳುವುದರಿಂದ ಮಾವನ ಇಡೀ ಸಂಸಾರ ಒಂದೇ ಬಸ್ಸಿನಲ್ಲಿ ಮುಗಿಯುತ್ತದೆ. ಹರೆಯದಲ್ಲಿ ಅವನು ದೂರದ ದೊಡ್ಡ ಊರಿನ ಪ್ರಯೋಗಾಲಯವೊಂದರಲ್ಲಿ ಕೆಲವು ವರ್ಷ ಸಂಶೋಧನೆ ಮಾಡಿದ್ದ. ಮನುಷ್ಯರ ಮೈಯೊಳಗೆ ಇಡುವ ಪ್ಲಾಸ್ಟಿಕ್ಕನ್ನು ಮೈಗೆ ಒಗ್ಗುವ ಹಾಗೆ ಮಾಡುವುದು ಹೇಗೆ ಎಂಬುದು ಅಲ್ಲಿಯವರೆಲ್ಲರ ಚಿಂತೆ. ಆ ಊರು ಬಿಟ್ಟು ಬಂದರೂ ಚಿಂತೆ ಬಿಡಲಿಲ್ಲ, ಜೇಬಿನಲ್ಲಿ ಡ್ರಾಪರಾಗಿ ಉಳಿದುಕೊಂಡಿತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನನಗೆ ತಿಳಿದಿರುವ ವಿಜ್ಞಾನವೆಲ್ಲ ಮಾವ ತಲೆಗೆ ತುಂಬಿದ್ದು. ಅವನು ಹೇಳುವುದು ಹೀಗೆ: ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ತಂಬಿಗೆ ನೀರು. ಮಾತು, ಚಹಾ ಎಲ್ಲ ಆಮೇಲೆ. ನೀರು ಕೊಡದಿದ್ದರೆ ಬಂದವರಿಗೆ ಅವಮಾನ, ಕೊಟ್ಟ ನೀರು ಮುಟ್ಟದಿದ್ದರೆ ಮನೆಯವರಿಗೆ ಅವಮಾನ. ವಸ್ತುಗಳ ನಡತೆಯೂ ಇಷ್ಟೇ. ನೀರನ್ನು ಹೇಗೆ ಬರಮಾಡಿಕೊಳ್ಳುತ್ತವೆ ಎಂಬುದರ ಮೇಲೆ ಅವುಗಳ ಸ್ವಭಾವ ಗೊತ್ತಾಗುತ್ತದೆ. ಗಾಜು ಕರೆಯುತ್ತದೆ, ಮಣ್ಣಿನ ಗಡಿಗೆ ಕರೆದು ಒಳಗೇ ಇಟ್ಟುಕೊಳ್ಳುತ್ತದೆ. ಪ್ಲಾಸ್ಟಿಕ್ ಮಾತ್ರ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತದೆ. ನೀರನ್ನೇ ಒಲ್ಲೆ ಎನ್ನುವ ವಸ್ತುವಿನ ಮೇಲೆ ಮೈಯ ಜೀವಕೋಶಗಳು ಬಂದು ಹೇಗೆ ತಾನೇ ನೆಲೆ ನಿಂತಾವು?

ಈ ಪ್ರಶ್ನೆ ಹೊತ್ತು ತಿರುಗುವ ಮನುಷ್ಯನ ಪ್ರಯಾಣ ಹೇಗಿರುತ್ತದೆ ಎಂದು ಕೇಳಿ. ಒಂದು ಬೆಳಿಗ್ಗೆ ಮಸ್ಕಿಯ ಬಸ್ಸಿನಲ್ಲಿ ಹೊಸ ರೆಕ್ಸಿನ್ ಸೀಟಿಗೆ ಹನಿ ಹಾಕಿ ಬಗ್ಗಿ ನೋಡುತ್ತಿದ್ದನಂತೆ. ಪಕ್ಕದಲ್ಲಿ ಹಣೆತುಂಬ ವಿಭೂತಿ ಹಚ್ಚಿಕೊಂಡ ಒಬ್ಬ ಮುದುಕಿ. ಸೀಸೆ, ಡ್ರಾಪರು, ಬಗ್ಗಿದ ತಲೆ, ಪಿಟಿಪಿಟಿ ಎನ್ನುವ ತುಟಿ ಎಲ್ಲವನ್ನೂ ನೋಡಿದ ಆಕೆ ಸೆರಗು ಸರಿಮಾಡಿಕೊಂಡು ಅಂಗೈ ಗುಳಿ ಮಾಡಿ ಮುಂದೆ ಹಿಡಿದಳು.

"ಯಾವ ಮಠದ ತೀರ್ಥಾನೋ ಯಪ್ಪಾ?"

"ಮಠದ್ದಲ್ಲಬೇ. ಬ್ಯಾಟರಿಗಿ ಹಾಕೂ ನೀರು ಇದು."

"ಇರ್ಲಿ ಹಾಕು. ನಿನ್ನ ಭಕ್ತಿ ನಾ ನೋಡೀನಿ."

ಅದು ಬರೀ ಭಟ್ಟಿ ಇಳಿಸಿದ ನೀರು, ಕುಡಿದರೆ ಕೆಡುಕಿಲ್ಲ; ಹಾಕದಿದ್ದರೆ ಮುದುಕಿ ನೊಂದುಕೊಳ್ಳುತ್ತಾಳೆ. ಒಂದು ಹನಿ ಹಾಕಿದ. ಆಕೆ ಕಣ್ಣಿಗೊತ್ತಿಕೊಂಡು ಕುಡಿದಳು. ಹಿಂದಿನ ಸೀಟಿನಿಂದ ಇನ್ನೊಂದು ಕೈ ಬಂತು, ಅದರ ಹಿಂದೆ ಮತ್ತೊಂದು. ಕಡೆಗೆ ಕಂಡಕ್ಟರ್ ಕೂಡ ಚೀಲವನ್ನು ಬಗಲಿಗೆ ಸರಿಸಿ ಕೈಯೊಡ್ಡಿದನಂತೆ. ಕೆಲವು ದಿನಗಳ ಮೇಲೆ ಅದೇ ಮುದುಕಿ ಬಸ್‌ಸ್ಟ್ಯಾಂಡಿನಲ್ಲಿ ಮಾವನನ್ನು ಹಿಡಿದು ನಿಲ್ಲಿಸಿ, ತನ್ನ ಮೊಣಕಾಲ ನೋವು ಕಡಿಮೆಯಾಗಿದೆ ಎಂದಳು.

"ಅದು ಬ್ಯಾಟರಿ ನೀರು ಅಂತ ಹೇಳಿದ್ನಲ್ಲಬೇ," ಎಂದ ಮಾವ.

"ಅದಕ್ಕಽ ಮತ್ತ. ಕರೆಂಟ್ ಐತಿ ಅದರಾಗ," ಎಂದಳು ಮುದುಕಿ.

ಗಮನಿಸಿದಿರಾ? ತೀರ್ಥ ಎಂದು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಮಾವನ ಬಾಯಲ್ಲಿ ಸುಳ್ಳು ಹೊರಡುವುದಿಲ್ಲ. ಇದೊಂದು ಸದ್ಗುಣ ಎಂದು ನೀವು ತಿಳಿದಿದ್ದರೆ ಅವನ ಜೊತೆ ಒಂದು ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋಗಿಬರಬೇಕು.

ನಿಜ ಹೇಳಬೇಕೆಂದರೆ ಅವನಿಗೆ ಬೇರೆ ಹೆಣ್ಣು ನೋಡುವ ಪ್ರಮೇಯವೇ ಇರಲಿಲ್ಲ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮಲ್ಲಿ ರೂಢಿ. ಅವನಿಗೆಂದು ನನ್ನನ್ನೇ ಎತ್ತಿಟ್ಟಿದ್ದರು! ಅವ್ವ ಮಾತು ತೆಗೆದಾಗ ಮಾವ ಅಡುಗೆಮನೆಯ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ವಂಶವಾಹಿಗಳ ಚಿತ್ರ ಬರೆದು, "ರಕ್ತ ಭಾಳ ಹತ್ರ ಆಗ್ತೈತಿ ಅಕ್ಕ, ಮಕ್ಕಳಿಗಿ ಚಲೋ ಅಲ್ಲ" ಎಂದು ವಿವರಿಸಿದ. ಅವ್ವನಿಗೆ ವಂಶವಾಹಿ ಕಾಣಲಿಲ್ಲ, ಗೋಡೆ ಹಾಳಾದದ್ದು ಕಂಡಿತು. ಒಳಕೋಣೆಯಲ್ಲಿ ಕೂತಿದ್ದ ನಾನು ಜೀವನದಲ್ಲಿ ಮೊದಲ ಸಲ ವಿಜ್ಞಾನಕ್ಕೆ ಕೈಮುಗಿದೆ.

ಹೀಗಾಗಿ ತುರ್ವಿಹಾಳಕ್ಕೆ ಹೆಣ್ಣು ನೋಡಲು ಹೋದೆವು. ನೀರಾವರಿಯ ಊರು, ಗದ್ದೆಯ ಮನೆತನ. ಹುಡುಗಿ ತಂಬಿಗೆ ನೀರು ತಂದಿಟ್ಟಳು. ಮಾವ ಹುಡುಗಿಯನ್ನು ನೋಡಬೇಕಲ್ಲವೇ? ಟೇಬಲ್ಲಿನ ಮೇಲೆ ನಮಗಾಗಿಯೇ ಹಾಸಿದ್ದ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಳೆಯನ್ನು ನೋಡಿದ. ತಂಬಿಗೆಯಿಂದಲೇ ಡ್ರಾಪರಿಗೆ ನೀರೆಳೆದು ಹನಿ ಬಿಟ್ಟ. ಹುಡುಗಿಯ ಅಪ್ಪನ ಮುಖ ಬಿಗಿಯಾಯಿತು.

"ಏನ್ರೀ, ನಮ್ಮ ನೀರಿನಾಗ ಏನರ ದೋಷ ಐತೇನು?"

"ನೀರು ಚಲೋ ಐತ್ರಿ. ನಿಮ್ಮ ಹಾಳಿದು ಸ್ವಭಾವ ಸರಿ ಇಲ್ಲ."

ಅಪ್ಪ ಎದ್ದರು, ಕಾಕಾ ಎದ್ದರು, ನನ್ನ ಅವ್ವ ತಲೆಮೇಲಿನ ಸೆರಗನ್ನು ಬಾಯಿಗೆ ಹಿಡಿದಳು. ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಹುಡುಗಿ ಟೇಬಲ್ಲಿನ ಆಚೆ ಬದಿಯಲ್ಲಿ ಬಗ್ಗಿ ಹನಿಯನ್ನೇ ನೋಡುತ್ತ, "ಹೌದಲ್ಲ, ಗುಂಡಗ ಕುಂತೈತಿ. ಯಾಕ?" ಎಂದಳು. ಹನಿಯ ಈಚೆ ಒಂದು ತಲೆ, ಆಚೆ ಒಂದು ತಲೆ. ಆ 'ಯಾಕ' ಎಂಬುದಕ್ಕೆ ಮಾವ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಹಿರಿಯರು ಮದುವೆಯ ತಿಂಗಳು ಗೊತ್ತುಮಾಡಿದ್ದರು. ಆಕೆಯೇ ಈಗ ನನ್ನ ಅತ್ತಿ.

ಪಾಪ, ಆ 'ಯಾಕ' ತನ್ನ ಅಡುಗೆಮನೆಗೇ ಬಂದು ಕೂರುತ್ತದೆ ಎಂದು ಆಕೆಗೆ ಏನು ಗೊತ್ತು? ತವರಿನವರು ಪ್ರೀತಿಯಿಂದ ಕೊಟ್ಟ ಮೈಕ್ರೋವೇವ್ ಒಲೆ ಮೊದಲ ವರ್ಷವೇ ಮಾವನ ಪಾಲಾಯಿತು. ಗುಜರಿಯಿಂದ ಹಳೆಯ ಫ್ರಿಜ್ಜಿನ ಪಂಪು ತಂದ, ಕಾಲೇಜಿನಲ್ಲಿ ಯಾರಿಗೂ ಬೇಡವಾದ ಗಾಜಿನ ಜಾಡಿ ತಂದ. ಜಾಡಿಯೊಳಗೆ ಪ್ಲಾಸ್ಟಿಕ್ಕಿನ ತುಣುಕು ಇಟ್ಟು, ಗಾಳಿಯನ್ನೆಲ್ಲ ಹೀರಿ ತೆಗೆದು, ಉಳಿದ ಚೂರುಪಾರು ಗಾಳಿಗೆ ಒಲೆಯ ಶಕ್ತಿ ತಾಗಿಸಿದರೆ ಜಾಡಿ ತುಂಬ ನೇರಳೆ ಬೆಳಕು ಹೊತ್ತಿಕೊಳ್ಳುತ್ತದೆ. ಇದಕ್ಕೇ ಪ್ಲಾಸ್ಮಾ ಎನ್ನುತ್ತಾರೆ. ಟ್ಯೂಬ್‌ಲೈಟಿನ ಒಳಗೆ ಇರುವುದೂ, ಆಕಾಶದಲ್ಲಿ ಮಿಂಚುವುದೂ ಇದೇ ಜಾತಿಯದಂತೆ. ಆ ಬೆಳಕಿನಲ್ಲಿ ಕೆಲವು ಕ್ಷಣ ಮಿಂದೆದ್ದ ಪ್ಲಾಸ್ಟಿಕ್ಕಿನ ಮೇಲೆ ಹನಿ ಬಿಟ್ಟರೆ ಹನಿ ನಿಲ್ಲುವುದಿಲ್ಲ, ಸರ್ರನೆ ಹರಡಿಕೊಳ್ಳುತ್ತದೆ. ನಾನೇ ಕಣ್ಣಾರೆ ಕಂಡಿದ್ದೇನೆ. ಅದೇ ತುಣುಕು, ಅದೇ ಬಣ್ಣ, ಮುರಿದರೆ ಅದೇ ಗಟ್ಟಿ. ಬದಲಾದದ್ದು ಮೇಲಿನ ಒಂದು ಪದರ ಮಾತ್ರ, ಅದೂ ಕೂದಲೆಳೆಗಿಂತ ಎಷ್ಟೋ ತೆಳ್ಳಗಿನದು.

"ಅಂದ್ರ ಒಳಗ ಅದಽ ಬುದ್ಧಿ, ಮ್ಯಾಲ ಅಷ್ಟಽ ನಗಿ," ಎಂದೆ ನಾನು.

"ಮ್ಯಾಲಿನ ನಗಿ ಸಾಕವಾ. ಬಂದವರಿಗಿ ಕಾಣೂದು ಅದಽ," ಎಂದ ಮಾವ.

ದೊಡ್ಡ ಊರಿನ ಪ್ರಯೋಗಾಲಯಗಳಲ್ಲಿ ಇದಕ್ಕೆಂದೇ ಆಳೆತ್ತರದ ಯಂತ್ರಗಳಿವೆ. ಕಣ್ಣಿನೊಳಗಿಡುವ ಮಸೂರ, ಜೀವಕೋಶ ಬೆಳೆಸುವ ತಟ್ಟೆ, ರಕ್ತ ಹರಿಯುವ ಕೊಳವೆ ಎಂದು ಬಗೆಬಗೆಯ ವಸ್ತುಗಳಿಗೆ ಈ ಬೆಳಕಿನ ಸ್ನಾನ ಮಾಡಿಸಿ ನೋಡುತ್ತಾರೆ. ಲಿಂಗಸುಗೂರಿನಲ್ಲಿ ಅತ್ತಿಯ ಒಲೆ ಇತ್ತು. ಸಂಜೆಹೊತ್ತು ಕಿಟಕಿಯಲ್ಲಿ ನೇರಳೆ ಬೆಳಕು ಕಂಡ ಓಣಿಯವರು ಸುಮ್ಮನಿರುತ್ತಾರೆಯೇ? ಹಟ್ಟಿಯ ಚಿನ್ನದ ಗಣಿ ಇರುವುದು ಆ ಊರಿನ ಪಕ್ಕದಲ್ಲೇ. ಮೇಷ್ಟ್ರು ಆ ಕಡೆಯ ಕಲ್ಲು ತಂದು ಬಂಗಾರ ಕಾಸುತ್ತಿದ್ದಾರೆ ಎಂದು ಸುದ್ದಿ ಹಬ್ಬಿತು. ಒಂದು ಸಂಜೆ ಎದುರುಮನೆಯ ಯಜಮಾನರು ಟವೆಲ್ಲಿನಲ್ಲಿ ಸುತ್ತಿದ ಒಂದು ಕಲ್ಲನ್ನು ತಂದು ಮೆಲ್ಲಗೆ ಮುಂದಿಟ್ಟರು.

"ಸರ್, ಇದನ್ನೂ ಒಮ್ಮಿ ಹಾಕಿ ನೋಡ್ರಿ. ನಮ್ಮ ಅಜ್ಜ ಕೊಟ್ಟು ಹೋಗ್ಯಾನ."

ಮಾವ ಕಲ್ಲಿಗೆ ಹನಿ ಹಾಕಿ ನೋಡಿದ. ಹನಿ ಹರಡಿಕೊಂಡಿತು. "ಬಂಗಾರ ಗಿಂಗಾರ ಇಲ್ರಿ. ಆದ್ರ ಭಾಳ ದೊಡ್ಡ ಮನಸಿನ ಕಲ್ಲು," ಎಂದ. ಯಜಮಾನರು ನಂಬಲಿಲ್ಲ, ಬಂಗಾರವಿದೆ ಎಂಬುದನ್ನೇ ಮುಚ್ಚಿಡುತ್ತಿದ್ದಾನೆ ಎಂದುಕೊಂಡರು. ಆ ಕಲ್ಲು ಈಗ ಅವರ ದೇವರ ಜಗಲಿಯ ಮೇಲಿದೆ, ದಿನಾ ಪೂಜೆ ನಡೆಯುತ್ತಿದೆ.

ಆದರೆ ಈ ವಿದ್ಯೆಗೊಂದು ಶಾಪವಿದೆ. ಬೆಳಕಿನಲ್ಲಿ ಮಿಂದ ಪ್ಲಾಸ್ಟಿಕ್ಕನ್ನು ಹಾಗೇ ಇಟ್ಟರೆ ದಿನ ಕಳೆದಂತೆ ಅದು ಕಲಿತದ್ದನ್ನು ಮರೆಯುತ್ತದೆ. ಮಾವ ಒಂದು ತುಣುಕನ್ನು ಕಪಾಟಿನಲ್ಲಿಟ್ಟು ದಿನಾ ಹೋಗಿ ಹನಿ ಹಾಕುತ್ತಿದ್ದ. ಮೊದಮೊದಲು ಹನಿ ಮಲಗುತ್ತಿತ್ತು, ಆಮೇಲೆ ಎದ್ದು ಕೂತಿತು, ಬರಬರುತ್ತ ಮೊದಲಿನಂತೆ ಗುಂಡಗಾಯಿತು. ಮನೆಯಲ್ಲಿ ಯಾರಿಗೋ ಹುಷಾರಿಲ್ಲದ ಹಾಗೆ ಮಾವ ಮುಖ ಸಣ್ಣದು ಮಾಡಿಕೊಂಡು ತಿರುಗುತ್ತಿದ್ದ. ಅತ್ತಿ ಸಮಾಧಾನ ಹೇಳಿದಳು: "ಹೊಸಾ ಅಳಿಯಂದ್ರೂ ಹಿಂಗಽ ರೀ. ಮೊದಲು ಭಾಳ ವಿನಯ, ಆಮ್ಯಾಗ ಹಳೇ ಬುದ್ಧಿ. ಆದ್ರ ನನ್ನ ಒಲಿಯಾಗ ಇವತ್ತಿನ ತನಕ ಒಂದು ತುತ್ತು ಅನ್ನ ಬಿಸಿ ಆಗಿಲ್ಲ ಅನ್ನೂದು ನೆಪ್ಪಿಟ್ಟುಕೋರಿ."

ಈ ಎಲ್ಲ ಪಾಠಗಳನ್ನು ಶ್ರದ್ಧೆಯಿಂದ ಕೇಳಿದ ಶಿಷ್ಯೆ ಒಬ್ಬಳೇ, ನನ್ನ ಅವ್ವ. ಕಾಲೇಜಿನ ಹುಡುಗರು ಆಕಳಿಸಬಹುದು, ನಾನು ಚೇಷ್ಟೆ ಮಾಡಬಹುದು, ಅವ್ವ ಮಾತ್ರ ತಮ್ಮ ಬಾಯಿ ತೆರೆದರೆ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಯಾವ ಶಾಲೆಗೂ ಹೋಗದ ಅವ್ವನಿಗೆ ತಮ್ಮ ಹೇಳಿದ್ದೇ ಶಾಸ್ತ್ರ. ಮಾವ ಒಮ್ಮೆ ನಮ್ಮ ಅಂಗಳದ ಪ್ಲಾಸ್ಟಿಕ್ ಕುರ್ಚಿಗೆ ಹನಿ ಹಾಕಿ ಹೇಳಿದ್ದ: "ನೋಡಕ್ಕ, ಇದು ನೀರಿಗಽ ಒಲ್ಲೆ ಅಂತೈತಿ. ರಕ್ತ ಬಂದ್ರ ಹೆಪ್ಪುಗಟ್ಟಿಸಿ ಕಳಸ್ತೈತಿ. ಮೈಗೂ ಇದಕ್ಕೂ ಹೊಂದಾಣಿಕಿ ಇಲ್ಲ." ಮರುದಿನವೇ ನಮ್ಮ ಮನೆಯ ಪ್ಲಾಸ್ಟಿಕ್ ಕೊಡಗಳು ಹಿತ್ತಿಲಿಗೆ ಹೋದವು. ನೆರೆಯವರು ಪ್ಲಾಸ್ಟಿಕ್ ಲೋಟದಲ್ಲಿ ಚಹಾ ಕೊಟ್ಟರೆ ಅವ್ವ, "ನಮ್ಮ ತಮ್ಮ ಹೇಳ್ಯಾನ, ಅದರ ಸ್ವಭಾವ ಚಲೋ ಇಲ್ಲಂತ" ಎಂದು ಹಿಂದಕ್ಕೆ ಸರಿಸುತ್ತಿದ್ದಳು.

ಆಮೇಲೆ ಅವ್ವನಿಗೆ ಕಾಯಿಲೆ ಬಂತು. ಡಯಾಲಿಸಿಸ್ ಎಂದರೆ ಗೊತ್ತಲ್ಲ, ಹೊರಗಿನ ಯಂತ್ರವೇ ಕಿಡ್ನಿ. ಮೈಯಲ್ಲಿ ನೀರು ನಿಂತರೆ ಉಸಿರಿಗೆ ತೊಂದರೆ, ಹಾಗಾಗಿ ಕುಡಿಯುವ ನೀರಿಗೆ ಕಟ್ಟುಪಾಡು. ಇಡೀ ದಿನಕ್ಕೆ ಒಂದು ಸಣ್ಣ ಚರಿಗೆ, ಸಿಂಧನೂರಿನ ಬೇಸಿಗೆಯಲ್ಲೂ ಅಷ್ಟೇ! ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತದೆ ಎನ್ನುತ್ತಿದ್ದಳು. ಅವ್ವನನ್ನು ಹೆಚ್ಚು ಕೊರೆದದ್ದು ಬಾಯಾರಿಕೆಯಲ್ಲ. ಯಾರ ಮನೆಗೆ ಹೋದರೂ ತಂಬಿಗೆ ನೀರು ಮುಂದೆ ಬರುತ್ತದೆ, ಮುಟ್ಟುವ ಹಾಗಿಲ್ಲ, ಮುಟ್ಟದಿದ್ದರೆ ಅವರಿಗೆ ಬೇಸರ. ಆಕೆ ಯಾರ ಮನೆಗೂ ಹೋಗುವುದನ್ನೇ ಬಿಟ್ಟುಬಿಟ್ಟಳು. ತನ್ನ ಮನೆಗೆ ಬಂದವರಿಗೆ ಮಾತ್ರ ತಂಬಿಗೆ ತುಂಬಿ ಕೊಡುವುದನ್ನು ಬಿಡಲಿಲ್ಲ. ಅವರು ಗಟಗಟ ಕುಡಿಯುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ನನಗೆ ಆ ನೋಟವನ್ನು ನೋಡಲು ಆಗುತ್ತಿರಲಿಲ್ಲ.

ಯಂತ್ರಕ್ಕೆ ರಕ್ತ ಹೋಗಿಬರಲು ತೋಳಿನಲ್ಲಿ ಅವಳದೇ ರಕ್ತನಾಳಗಳನ್ನು ಜೋಡಿಸಿ ದಾರಿ ಮಾಡಿದ್ದರು. ನಾಳಗಳು ಸಣ್ಣವು, ದಾರಿ ಮುಚ್ಚಿಹೋಯಿತು. ಕುತ್ತಿಗೆಯ ಹತ್ತಿರ ತಾತ್ಕಾಲಿಕವಾಗಿ ಒಂದು ನಳಿಕೆ ಹಾಕಿದರು, ಅದನ್ನು ಬಹಳ ದಿನ ಇಟ್ಟರೆ ನಂಜಾಗುವ ಭಯ. ಉಳಿದದ್ದು ಆ ಪ್ಲಾಸ್ಟಿಕ್ ಕೊಳವೆ. ರಾಯಚೂರಿಗೆ ಹೋಗಿ ತೋಳಿನಲ್ಲಿ ಕೂರಿಸಿಕೊಂಡು ಬನ್ನಿ, ತಡ ಮಾಡಬೇಡಿ ಎಂದರು ಡಾಕ್ಟರು. ಅವ್ವ ಹಾಸಿಗೆಯಲ್ಲಿ ಎದ್ದು ಕೂತು ಡಾಕ್ಟರಿಗೇ ಪಾಠ ಹೇಳಿದಳು.

"ಪ್ಲಾಸ್ಟಿಕ್ ಮೈಗಿ ಒಗ್ಗಂಗಿಲ್ರಿ ಸಾಹೇಬ್ರ. ಅದು ನೀರಿಗಽ ಒಲ್ಲೆ ಅಂತೈತಿ. ನಮ್ಮ ತಮ್ಮ ಇದರಾಗಽ ಓದ್ಯಾನ."

"ಈಗ ಕುತ್ತಿಗೆಗೆ ಹಾಕಿರೋದೂ ಪ್ಲಾಸ್ಟಿಕ್ಕೇ ಅಲ್ವೇನಮ್ಮಾ?"

"ಅದು ನೆಂಟರು ಬಂದಂಗ್ರಿ, ಹೋಗ್ತೈತಿ. ಇದು ಮನಿ ಮಾಡ್ತೈತಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಹೊರಗೆ ಬಂದು ಮಾವನಿಗೆ ಫೋನು ಹಚ್ಚಿ, "ನೀ ಕಲಿಸಿದ ಪಾಠ ನೀನಽ ಬಂದು ಅಳಿಸು" ಎಂದೆ. ಸಿಟ್ಟಿನಲ್ಲಿ ಇನ್ನೂ ಏನೇನೋ ಅಂದೆ. ಮಾವ ಇಡೀ ಆಯುಷ್ಯ ಪ್ಲಾಸ್ಟಿಕ್ಕಿಗೆ ಬುದ್ಧಿ ಹೇಳಿದ್ದ, ಮೈಯನ್ನು ಬರಮಾಡಿಕೊಳ್ಳಪ್ಪಾ ಎಂದು. ಈಗ ಮೈಯ ಕಡೆಯಿಂದಲೇ ತಕರಾರು ಬಂದಿತ್ತು!

ಬಂದ. ಬರುವಾಗ ಬರಿಗೈಯಲ್ಲಿ ಬರಲಿಲ್ಲ. ಸಿಂಧನೂರಿನಲ್ಲಿ ಇಳಿದವನು ಬಂಗಾಲಿ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿಗೆ ಆಟೋ ಹಿಡಿದು, ಪರಿಚಯದ ಬಂಗಾಲಿ ಹೆಂಗಸೊಬ್ಬಳ ಹಿತ್ತಿಲಿನಿಂದ ಆನೆಕಿವಿಯಷ್ಟು ಅಗಲದ ಕೆಸುವಿನ ಎಲೆ ಕಿತ್ತುಕೊಂಡು ಬಂದಿದ್ದ. ಅವ್ವನ ಮುಂದೆ ಎಲೆ ಹಿಡಿದು ಅದರ ಮೇಲೆ ಹನಿ ಬಿಟ್ಟ. ಹನಿ ಪಾದರಸದಂತೆ ಉರುಳಾಡಿತು.

"ನೋಡಕ್ಕ, ಇದು ಪ್ಲಾಸ್ಟಿಕ್ಕಿಗಿಂತ ಹೆಚ್ಚು ಒಲ್ಲೆ ಅಂತೈತಿ. ಆದ್ರೂ ನೀರಿನಾಗಽ ಬೆಳೀತೈತಿ, ಬದುಕ್ತೈತಿ."

"ಅದು ಎಲಿಯಪ್ಪಾ. ಎಲಿ ಒಲ್ಲೆ ಅಂದ್ರ ನೀರು ಉರುಳ್ತೈತಿ. ಈ ಪೈಪು ಒಲ್ಲೆ ಅಂದ್ರ ನಾನಽ ಉರುಳ್ತೀನಿ."

ಶಿಷ್ಯೆಯ ಎದುರು ಸೋತ ಗುರು ಎಲೆಯನ್ನು ನನ್ನ ಕೈಗೆ ಕೊಟ್ಟ. ಆ ಎಲೆಯಲ್ಲಿ ರಾತ್ರಿ ನಾವು ಪತ್ರೊಡೆ ಮಾಡಿಕೊಂಡು ತಿಂದೆವು. ಮಾವನ ಪ್ರಯೋಗಗಳಲ್ಲಿ ಹೊಟ್ಟೆಗೆ ಬಿದ್ದದ್ದು ಇದೊಂದೇ.

ಅಡುಗೆಮನೆಯಲ್ಲಿ ನಾನು ಮಾವನಿಗೆ ಸುಲಭದ ದಾರಿ ಹೇಳಿಕೊಟ್ಟೆ. ಈ ಪೈಪಿಗೆ ನಾನೇ ಪ್ಲಾಸ್ಮಾ ಹಾಯಿಸಿದ್ದೇನೆ, ಈಗ ಅದರ ಸ್ವಭಾವ ಬದಲಾಗಿದೆ ಎಂದು ಒಂದು ಮಾತು ಹೇಳಿಬಿಡು. ಅವ್ವ ಹಿಂದೆಮುಂದೆ ನೋಡದೆ ತೋಳು ಚಾಚುತ್ತಾಳೆ. ಒಂದು ಜೀವ ಉಳಿಯುತ್ತದೆ ಎಂದರೆ ಒಂದು ಸುಳ್ಳು ಹೆಚ್ಚೇ? ಮಾವ ತಟ್ಟೆಯಲ್ಲಿ ಬೆರಳಾಡಿಸುತ್ತ, "ಹೇಳಿ ನೋಡ್ತೀನಿ" ಎಂದ. ಸುಳ್ಳು ಹೇಳುವುದೆಂದರೆ ಅವನಿಗೆ ಅದೂ ಒಂದು ಪ್ರಯೋಗವೇ ಇರಬೇಕು.

ಮುಂದಿನ ಡಯಾಲಿಸಿಸ್ಸಿನ ದಿನ ಡಾಕ್ಟರು ರೋಗಿಗಳಿಗೆ ತೋರಿಸಲು ಇಟ್ಟುಕೊಂಡಿದ್ದ ಒಂದು ಗೇಣಿನಷ್ಟು ಕೊಳವೆಯ ತುಣುಕನ್ನು ಮಾವನ ಕೈಗೆ ಕೊಟ್ಟರು. ಬೆಳ್ಳಗೆ, ಮೆತ್ತಗೆ, ಹಿಟ್ಟಿನ ಶಾವಿಗೆಯನ್ನು ದಪ್ಪಗೆ ಹೊಸೆದಂತಿತ್ತು. ಯಂತ್ರ ಪಕ್ಕದಲ್ಲಿ ತಿರುಗುತ್ತಿತ್ತು. ಅವ್ವ ಮಲಗಿದಲ್ಲಿಂದಲೇ ತಲೆ ಹೊರಳಿಸಿ ಕೊಳವೆಯನ್ನು ನೋಡಿದಳು, ತಮ್ಮನನ್ನು ನೋಡಿದಳು.

"ಇದು ನೀ ಮಾಡಿದ್ದೇನು?"

ನಾನು ಮಂಚದ ಕೆಳಗೆ ಮಾವನ ಕಾಲು ತುಳಿದೆ. ಮಾವ ಕೊಳವೆಯನ್ನು ಕೈಯಲ್ಲಿ ಹೊರಳಿಸಿ ನೋಡಿದ. ಕಿವಿ ಕೆಂಪಗಾಯಿತು. ನಾನು ಇನ್ನೊಮ್ಮೆ ತುಳಿದೆ.

"ಅಲ್ಲಕ್ಕ. ನಂದಲ್ಲ," ಎಂದ. "ನಮ್ಮಂಥವರು ಮಾಡೂದು ಇನ್ನೂ ಪ್ರಯೋಗದಾಗಽ ಐತಿ. ಇದು ಸಾದಾ."

"ಹನಿ ಹಾಕು, ನೋಡೂಣು."

ಹಾಕಿದ. ಹನಿ ಕೊಳವೆಯ ಮೇಲೆ ಗುಂಡಗೆ ನಿಂತಿತು. ಅಷ್ಟು ಗುಂಡಗಿನ ಹನಿಯನ್ನು ನಾನೂ ನೋಡಿರಲಿಲ್ಲ. ನನಗೆ ಮಾವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸತ್ಯವಂತನ ಅಕ್ಕನಾಗಿ ಹುಟ್ಟಿದ ತಪ್ಪಿಗೆ ನನ್ನ ಅವ್ವ ಸಾಯಬೇಕೇ?

"ಒಲ್ಲೆ ಅಂತೈತಿ," ಎಂದಳು ಅವ್ವ.

"ಹೌದಕ್ಕ, ಒಲ್ಲೆ ಅಂತೈತಿ." ಮಾವನ ದನಿ ಸಣ್ಣದಾಯಿತು. "ಆದ್ರ ನಾ ನಿನಗ ಅರ್ಧಾನಽ ಹೇಳಿದ್ದೆ. ಪ್ಲಾಸ್ಟಿಕ್ ಏನಂತೈತಿ ಅಂತ ಹೇಳಿದೆ, ಮೈ ಏನ್ ಮಾಡ್ತೈತಿ ಅಂತ ಹೇಳಲಿಲ್ಲ. ಇದರ ಗ್ವಾಡಿ ತುಂಬ ಕಣ್ಣಿಗಿ ಕಾಣಲಾರದಂಥ ತೂತು ಅದಾವು. ಇದು ಒಲ್ಲೆ ಅನ್ಕೊಂತನಽ ಇರ್ತೈತಿ. ಸುತ್ತಲಿನ ಮಾಂಸ ಮಾತ್ರ ಕೇಳೂದಿಲ್ಲ, ಮೆಲ್ಲಕ ಆ ತೂತಿನಾಗ ಕಾಲಿಡ್ತೈತಿ, ಬೇರು ಬಿಡ್ತೈತಿ, ಹಿಡಕೊಂಡ್ ಬಿಡ್ತೈತಿ. ಎಷ್ಟೋ ಮಂದಿ ತೋಳಿನಾಗ ಹಿಂಗಽ ವರ್ಷಗಟ್ಟಲೆ ನಡದೈತಿ. ಮುಚ್ಚಿಹೋಗೂದೂ ಐತಿ, ಇಲ್ಲ ಅನ್ನಂಗಿಲ್ಲ. ನಾ ಗ್ಯಾರಂಟಿ ಕೊಡಾಕ ಆಗೂದಿಲ್ಲಕ್ಕ."

ಸಮಾಧಾನ ಹೇಳುವ ಪರಿಯೇ ಇದು? ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅವ್ವ ಮಾತ್ರ ಚಾವಣಿ ನೋಡುತ್ತ ಮಲಗಿದ್ದಳು. ಅವಳ ಮುಖದಲ್ಲಿ ನಗುವಿನಂಥದೇನೋ ಕಾಣಿಸಿತು.

"ನೀನೂ ಹಿಂಗಽ ಇದ್ದಿ," ಎಂದಳು.

ಅವರವ್ವ, ಎಂದರೆ ನನ್ನ ಅಜ್ಜಿ, ತೀರಿಕೊಂಡಾಗ ಮಾವ ಇನ್ನೂ ನಡೆಯಲು ಕಲಿಯುತ್ತಿದ್ದ ಕೂಸು. ಆಗತಾನೇ ಗಂಡನ ಮನೆಗೆ ಬಂದಿದ್ದ ಅವ್ವ ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದಿದ್ದಳು. ಇಷ್ಟು ನನಗೆ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

"ಹಾಲು ಕೊಟ್ರ ಒಲ್ಲೆ, ಅನ್ನ ಕೊಟ್ರ ಒಲ್ಲೆ. ನನ್ನ ಮಕದ ಕಡಿ ನೋಡಾಕೂ ಒಲ್ಲೆ. ನೀರು ಸೈತ ಬಾಯಾಗ ಇಟಗೊಂತಿದ್ದಿಲ್ಲ, ಉಗುಳ್ತಿದ್ದಿ. ಕೂಸು ಉಳಿಯೂದಿಲ್ಲ ಅಂದ್ರು ಎಲ್ಲಾರೂ. ನಾ ಅರಿವಿ ತುಂಡು ತೊಯ್ಸಿ ತುಟಿಗಿ ಒಂದೊಂದಽ ಹನಿ ಬಿಟಗೊಂತ ಕುಂತೆ. ನಿನಗೇನ್ ನಾ ಆ ನೇರಳಿ ಬೆಳಕು ಹಾಕಿದ್ನೇನು? ನೀ ಒಲ್ಲೆ ಅನ್ಕೊಂತನಽ ಇದ್ದಿ, ನಾ ಹಿಡಕೊಂಡೆ." ಆಮೇಲೆ ನನ್ನ ಕಡೆ ತಿರುಗಿ, "ಡಾಕ್ಟರಿಗಿ ಹೇಳವಾ. ಹಾಕ್ಲಿ," ಎಂದಳು.

ಮಾವ ಕೊಳವೆಯ ತುಣುಕನ್ನು ಹಿಡಿದುಕೊಂಡೇ ವರಾಂಡಕ್ಕೆ ಹೋದ. ಹೋಗಿ ಏನು ಮಾಡಿದ ಎಂದು ನಾನು ನೋಡಲಿಲ್ಲ. ಬಂದಾಗ ಕನ್ನಡಕ ತೊಳೆದಂತಿತ್ತು.

ರಾಯಚೂರಿನಲ್ಲಿ ಕೊಳವೆ ಕೂರಿಸಿದರು. ತೋಳಿನ ಬಾವು ಇಳಿದು, ಗಾಯ ಮಾಗಿ, ಯಂತ್ರಕ್ಕೆ ಅದರಿಂದಲೇ ರಕ್ತ ಹೋಗತೊಡಗಿತು. ಈಗ ಅವ್ವನ ತೋಳಿನ ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಎಂದು ಹರಿಯುವುದು ತಿಳಿಯುತ್ತದೆ. ಆ ಸದ್ದಿದ್ದರೆ ದಾರಿ ತೆರೆದಿದೆ ಎಂದರ್ಥ. ಮಾವ ಪ್ರತಿ ಸಲ ಬಂದಾಗಲೂ ಅಕ್ಕನ ತೋಳಿಗೆ ಕಿವಿ ಹಚ್ಚಿ ಕೂರುತ್ತಾನೆ.

ಮೊನ್ನೆ ಬಂದಿದ್ದ. ಹೊರಗೆ ಕೆಂಡದಂಥ ಬಿಸಿಲು. ಮಸ್ಕಿಯಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದನಂತೆ. ಅವ್ವ ಎಂದಿನಂತೆ ತಂಬಿಗೆ ತುಂಬ ನೀರು ತಂದು ತಮ್ಮನ ಮುಂದೆ ಇಟ್ಟು, ಎಂದಿನಂತೆ ನೋಡುತ್ತ ನಿಂತಳು. ಅವಳ ಆ ದಿನದ ಚರಿಗೆ ಮಧ್ಯಾಹ್ನಕ್ಕೆ ಮೊದಲೇ ಮುಗಿದಿತ್ತು. ಮಾವ ತಂಬಿಗೆ ಎತ್ತಿದ, ತುಟಿಯ ತನಕ ಒಯ್ದು ಕೆಳಗಿಟ್ಟ. ಜೇಬಿನಿಂದ ಡ್ರಾಪರು ತೆಗೆದು, ಬಿಸಿನೀರಿನಲ್ಲಿ ತೊಳೆದುಕೊಂಡು ಬಂದು, ತಂಬಿಗೆಯಿಂದ ನೀರೆಳೆದ. ಇನ್ನು ಯಾವ ವಸ್ತುವಿನ ಸರದಿಯೋ ಎಂದು ನಾನು ನಗಲು ಸಿದ್ಧಳಾದೆ.

"ಕುಂದ್ರಕ್ಕ. ಬಾಯಿ ತೆಗಿ," ಎಂದ.

"ಡಾಕ್ಟರು ಬೈತಾರ."

"ಒಂದು ಹನಿಗಿ ಯಾರೂ ಬೈಯೂದಿಲ್ಲ."

ಅವ್ವ ಕುರ್ಚಿಯಲ್ಲಿ ಕೂತು ಕೂಸಿನ ಹಾಗೆ ಬಾಯಿ ತೆರೆದಳು. ಒಣಗಿದ ನಾಲಗೆಯ ಮೇಲೆ ಮಾವ ಒಂದು ಹನಿ ಬಿಟ್ಟ. ಅವ್ವ ಬಾಯಿ ಮುಚ್ಚಿ, ಕಣ್ಣು ಮುಚ್ಚಿ, ಆ ಹನಿಯನ್ನು ಬಹಳ ಹೊತ್ತು ಒಳಗೇ ಇಟ್ಟುಕೊಂಡಳು. ಅದು ಹರಡಿತೋ ಗುಂಡಗೆ ನಿಂತಿತೋ ಎಂದು ಮಾವ ಕೇಳಲಿಲ್ಲ. ಕನ್ನಡಕ ಅವನ ಮೂಗಿನ ಮೇಲೆಯೇ ಇತ್ತು. ಅವನು ಅಕ್ಕನ ಮುಖ ನೋಡುತ್ತಿದ್ದ.